ಜ್ವರಕ್ಕೆ ಕ್ಯಾಶುವಾಲಿಟಿ, ಎದೆನೋವಿಗೆ ಕ್ಲಿನಿಕ್: ಈ ಅದಲುಬದಲು ನಿಲ್ಲಲಿ

ಸಂಪಾದಕರಿಗೆ,

ಮಾನ್ಯರೇ,

ದೇರಳಕಟ್ಟೆಯಿಂದ ಮಣಿಪಾಲದವರೆಗೆ ಆಸ್ಪತ್ರೆಗಳಿಗೇನೂ ಬರವಿಲ್ಲ. ಆದರೆ ಭಾನುವಾರ ಸಂಜೆ ಮಗುವಿಗೆ ಜ್ವರ ಏರಿದರೆ, ಮೆಟ್ಟುಕತ್ತಿಯಲ್ಲಿ ಬೆರಳು ಕೊಯ್ದುಕೊಂಡರೆ, ಎಲ್ಲಿಗೆ ಹೋಗಬೇಕೆಂದು ಹೆಚ್ಚಿನ ಮನೆಗಳಲ್ಲಿ ಗೊತ್ತಿರುವುದಿಲ್ಲ. ಮಾಮೂಲಿ ಡಾಕ್ಟರರ ಬಾಗಿಲು ಹಾಕಿರುತ್ತದೆ. ಕಾರು ಸೀದಾ ದೊಡ್ಡ ಆಸ್ಪತ್ರೆಯ ಕ್ಯಾಶುವಾಲಿಟಿಗೆ ಹೋಗುತ್ತದೆ, ಅಲ್ಲಿ ಎರಡು ಗಂಟೆ ಕಾದು, ಪ್ಯಾರಾಸಿಟಮಾಲ್ ಬರೆಸಿಕೊಂಡು, ಸಿಬ್ಬಂದಿಯನ್ನು ಬೈದುಕೊಂಡು ವಾಪಸಾಗುವುದು. ಇನ್ನೊಂದು ಕಡೆ, ಎದೆ ಹಿಂಡಿದಂತಾಗಿ ಬೆವರುತ್ತಿರುವ ಮನುಷ್ಯ "ಗ್ಯಾಸ್ ಇರಬೇಕು" ಎಂದು ಗಲ್ಲಿಯ ಕ್ಲಿನಿಕ್ಕಿನ ಬೆಂಚಿನಲ್ಲಿ ಟೋಕನ್ ಹಿಡಿದು ಕೂತಿರುತ್ತಾನೆ. ಮೊದಲನೆಯದರಲ್ಲಿ ಹೋಗುವುದು ಸಮಯ, ಹಣ. ಎರಡನೆಯದರಲ್ಲಿ ಜೀವ.

ಹಾಗಾಗಿ ಕ್ಲಿನಿಕ್ಕಿನಲ್ಲಿ ನಿಲ್ಲಲೇಬಾರದವು ಯಾವುವೆಂದು ಮೊದಲು ಹೇಳಿಬಿಡುತ್ತೇನೆ. ಎದೆಯಲ್ಲಿ ಭಾರ ಅಥವಾ ಉರಿ, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹಬ್ಬಿದರೆ, ಜೊತೆಗೆ ತಣ್ಣನೆಯ ಬೆವರು ಬಂದರೆ. ಮುಖ ಒಂದು ಬದಿಗೆ ವಾಲಿದರೆ, ಕೈ ಸೋತರೆ, ಮಾತು ತೊದಲಿದರೆ. ಉಸಿರು ಸಾಲದೆ ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ. ತಲೆಗೆ ಪೆಟ್ಟಾಗಿ ವಾಂತಿ ಅಥವಾ ಮಂಪರು ಬಂದರೆ. ಹಾವು ಕಚ್ಚಿದರೆ. ಮಗು ಬಟನ್ ಬ್ಯಾಟರಿ ನುಂಗಿದರೆ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಡಲು ಶುರುವಾಗುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ, ಕೂಸು ನಗುತ್ತಿದ್ದರೂ ಸರಿ. ಇವಕ್ಕೆಲ್ಲ 108ಕ್ಕೆ ಫೋನ್ ಮಾಡಿ, ಇಲ್ಲವೇ ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ. ಪಾರ್ಶ್ವವಾಯುವಿಗೆ ರಕ್ತ ಹೆಪ್ಪು ಕರಗಿಸುವ ಮದ್ದು ಕೊಡಲು ಲಕ್ಷಣ ಕಾಣಿಸಿಕೊಂಡಲ್ಲಿಂದ ನಾಲ್ಕೂವರೆ ಗಂಟೆಯಷ್ಟೇ ಅವಕಾಶ. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಸ್ಕ್ಯಾನ್ ಇಲ್ಲದ ಕಡೆ ಮೊದಲು ನಿಂತು, ಅಲ್ಲಿಂದ ಚೀಟಿ ಬರೆಸಿಕೊಂಡು, ಪಂಪ್‌ವೆಲ್ಲಿನಲ್ಲೋ ಕೂಳೂರು ಸೇತುವೆಯಲ್ಲೋ ವಾಹನಗಳ ನಡುವೆ ಸಿಕ್ಕಿಹಾಕಿಕೊಂಡರೆ ಆ ಗಂಟೆಗಳು ಅಲ್ಲೇ ಮುಗಿಯುತ್ತವೆ. ಇಂಥ ಹೊತ್ತಿನಲ್ಲಿ ಮುಂಗಡ ಹಣ ಕಟ್ಟದಿದ್ದರೆ ಮುಟ್ಟುವುದಿಲ್ಲ ಎಂದು ಖಾಸಗಿ ಆಸ್ಪತ್ರೆ ಹೇಳುವಂತಿಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ ಅದನ್ನು ತಡೆಯುತ್ತದೆ.

ಉಳಿದ ಬಹುಪಾಲು ಕಾಯಿಲೆಗಳಿಗೆ ಕ್ಯಾಶುವಾಲಿಟಿ ಸರಿಯಾದ ಜಾಗವಲ್ಲ. ಕಾರಣ ಸರಳ. ಅಲ್ಲಿ ಸರದಿ ಬಂದ ಹೊತ್ತಿನ ಮೇಲೆ ನಡೆಯುವುದಿಲ್ಲ, ಅಪಾಯದ ಮೇಲೆ ನಡೆಯುತ್ತದೆ. ಬಂದವರನ್ನು ಕೆಂಪು, ಹಳದಿ, ಹಸಿರು ಎಂದು ವಿಂಗಡಿಸುತ್ತಾರೆ. ಗಂಟಲು ನೋವು ಹಸಿರು. ಹೊರಗೆ ಅಪಘಾತದ ಆಂಬುಲೆನ್ಸ್ ಬಂದು ನಿಂತಷ್ಟೂ ಹಸಿರು ಹಿಂದಕ್ಕೆ ಸರಿಯುತ್ತದೆ. ಮಂಗಳೂರಿನ ಸರ್ಕಾರಿ ಜಿಲ್ಲಾ ಆಸ್ಪತ್ರೆ ವೆನ್‌ಲಾಕ್ 1848ರಷ್ಟು ಹಳೆಯದು. ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಹಾಸನದ ಕಡೆಯಿಂದಲೂ ರೋಗಿಗಳು ಬರುತ್ತಾರೆ. ಅಲ್ಲಿನ ಮಂಚದ ಪಕ್ಕ ನಿಂತು "ನನ್ನದು ಮೊದಲು ನೋಡಿ" ಎಂದು ಜಗಳಕ್ಕಿಳಿಯುವ ಹಸಿರು ಚೀಟಿಯವರನ್ನು ಕಂಡರೆ ಸಿಟ್ಟೂ ಬರುತ್ತದೆ, ಕನಿಕರವೂ ಆಗುತ್ತದೆ. ಬೇರೆ ದಾರಿ ಯಾವುದೆಂದು ಅವರಿಗೆ ಯಾರೂ ಹೇಳಿಲ್ಲ.

ಬೇರೆ ದಾರಿ ಇದೆ. ಹಗಲಿಗೆ ನಗರ ಆರೋಗ್ಯ ಕೇಂದ್ರಗಳು, 2022ರ ಕೊನೆಯಲ್ಲಿ ಶುರುವಾದ ಸರ್ಕಾರದ "ನಮ್ಮ ಕ್ಲಿನಿಕ್"ಗಳು. ಇಲ್ಲಿ ತಪಾಸಣೆ, ಸಾಮಾನ್ಯ ರಕ್ತಪರೀಕ್ಷೆ, ಮಾತ್ರೆ ಎಲ್ಲ ಉಚಿತ. ಸಂಜೆಗೆ ಖಾಸಗಿ ಕ್ಲಿನಿಕ್, ಪಾಲಿಕ್ಲಿನಿಕ್, ಈಚೆಗೆ "ಅರ್ಜೆಂಟ್ ಕೇರ್" ಬೋರ್ಡಿನ ಕೇಂದ್ರಗಳು. ತೊಡಕು ಏನೆಂದರೆ ಬೋರ್ಡು ನೋಡಿ ಒಳಗೆ ಏನಿದೆ ಎಂದು ತಿಳಿಯುವುದಿಲ್ಲ. "24 ಗಂಟೆ" ಎಂದು ಬರೆದಿರುತ್ತದೆ; ರಾತ್ರಿ ಹತ್ತರ ಮೇಲೆ ಇರುವುದು ನರ್ಸ್ ಮಾತ್ರ, ಡಾಕ್ಟರ್ ಫೋನಿನಲ್ಲಿ. ಎಕ್ಸ್‌ರೇ ಯಂತ್ರ ಇರುತ್ತದೆ, ಟೆಕ್ನಿಷಿಯನ್ ಆರಕ್ಕೇ ಹೋಗಿರುತ್ತಾನೆ. ಆದ್ದರಿಂದ ಹೊರಡುವ ಮುನ್ನ ಒಂದು ಫೋನ್ ಮಾಡಿ. "ಡಾಕ್ಟರ್ ಇದ್ದಾರಾ" ಎಂದು ಮಾತ್ರ ಕೇಳಿದರೆ ಸಾಲದು. ನಿಮ್ಮ ತೊಂದರೆಗೆ ತಕ್ಕ ಪ್ರಶ್ನೆ ಕೇಳಬೇಕು: ಈಗ ಹೊಲಿಗೆ ಹಾಕುತ್ತೀರಾ? ಈಗ ಎಕ್ಸ್‌ರೇ ಆಗುತ್ತದಾ? ನಾಯಿ ಕಚ್ಚಿದ್ದಕ್ಕೆ ಲಸಿಕೆ ಫ್ರಿಜ್ಜಿನಲ್ಲಿ ಇದೆಯಾ? "ಇಲ್ಲ, ನಮ್ಮಲ್ಲಿ ಆಗುವುದಿಲ್ಲ, ಇಂಥ ಕಡೆ ಹೋಗಿ" ಎಂದು ತಟ್ಟನೆ ಹೇಳುವ ಕೇಂದ್ರವನ್ನು ನಂಬಿ. ಎಲ್ಲದಕ್ಕೂ "ಬನ್ನಿ ನೋಡುವ" ಎನ್ನುವವರ ಬಗ್ಗೆ ನನಗೆ ಅನುಮಾನ.

ಈಗ ತೊಂದರೆಗಳನ್ನು ಒಂದೊಂದಾಗಿ ನೋಡುವ. ಮೊದಲಿಗೆ, ಕೊಯ್ದ ಗಾಯ. ಶುದ್ಧ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹತ್ತು ನಿಮಿಷ ಹಿಡಿಯಬೇಕು, ನಡುವೆ ಎತ್ತಿ ನೋಡಬಾರದು. ಎತ್ತಿದಾಗಲೆಲ್ಲ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. "ರಕ್ತ ನಿಲ್ಲುವುದೇ ಇಲ್ಲ" ಎಂದು ಓಡಿಬರುವವರಲ್ಲಿ ಅರ್ಧದಷ್ಟು ಮಂದಿ ಹೀಗೆ ಎತ್ತಿ ನೋಡಿದವರೇ ಇರುತ್ತಾರೆ. ಆಮೇಲೆ ನಲ್ಲಿ ನೀರಿನಲ್ಲಿ ತೊಳೆಯಿರಿ. ಕಾಫಿಪುಡಿ, ಅರಸಿನ ತುಂಬಬೇಡಿ. ಹೊಲಿಯುವ ಮೊದಲು ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ, ನೋವು ಇಮ್ಮಡಿ. ಹೊಲಿಗೆ ಆರರಿಂದ ಎಂಟು ಗಂಟೆಯೊಳಗೆ ಬಿದ್ದರೆ ಒಳ್ಳೆಯದು, ಮುಖದ ಗಾಯಕ್ಕೆ ಇನ್ನೂ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ. ರಾತ್ರಿ ಕೊಯ್ದದ್ದನ್ನು ಬೆಳಿಗ್ಗೆ ಹತ್ತಕ್ಕೆ ತಂದರೆ ಕೀವಿನ ಭಯದಿಂದ ಹೊಲಿಯದೆ ಬಿಡಬೇಕಾಗಬಹುದು. ಬೆರಳು ಮಡಚಲು ಬಾರದಿದ್ದರೆ, ಗಾಯದಿಂದಾಚೆಗೆ ಸ್ಪರ್ಶ ತಿಳಿಯದಿದ್ದರೆ, ಸ್ನಾಯುರಜ್ಜು ಅಥವಾ ನರ ಕಡಿದಿದೆ ಎಂದರ್ಥ. ಆಗ ಕ್ಲಿನಿಕ್ ಬೇಡ, ಸರ್ಜನ್ ಇರುವ ಆಸ್ಪತ್ರೆಯೇ ಬೇಕು. ಧನುರ್ವಾಯು ಚುಚ್ಚುಮದ್ದು ಪ್ರತಿ ಸಲ ಬೇಕಿಲ್ಲ. ಹಿಂದೆ ಮೂರು ಡೋಸ್ ಪೂರ್ತಿಯಾಗಿದ್ದವರಿಗೆ, ಕೊಳೆ ಗಾಯವಾದರೆ ಕೊನೆಯ ಡೋಸ್ ಆಗಿ ಐದು ವರ್ಷ, ಶುದ್ಧ ಗಾಯವಾದರೆ ಹತ್ತು ವರ್ಷ ಕಳೆದಿದ್ದರೆ ಮಾತ್ರ. ಹಾಗಾಗಿ ಕೊನೆಯ ಡೋಸಿನ ವರ್ಷವನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ.

ನಾಯಿ ಕಚ್ಚಿದರೆ ಲೆಕ್ಕ ಬೇರೆ, ಅಲ್ಲಿ ಭಯ ರೇಬೀಸಿನದು. ಮೊದಲ ಮದ್ದು ಮನೆಯ ನಲ್ಲಿಯಲ್ಲೇ ಇದೆ: ಸೋಪು ಹಾಕಿ, ಹರಿಯುವ ನೀರಿನಲ್ಲಿ, ಗಡಿಯಾರ ನೋಡಿ 15 ನಿಮಿಷ. ಇದನ್ನು ಸರಿಯಾಗಿ ಮಾಡಿ ಬರುವವರು ಕಡಿಮೆ. ಸುಣ್ಣ, ಮೆಣಸಿನಪುಡಿ ಮೆತ್ತಿಕೊಂಡು ಬರುವವರು ಈಗಲೂ ಇದ್ದಾರೆ. ರಕ್ತ ಬಾರದ ಗೀರಾದರೆ ಲಸಿಕೆ ಸಾಕು. ಒಂದು ಹನಿ ರಕ್ತ ಬಂದಿದ್ದರೂ, ಅಥವಾ ಮೊದಲೇ ಇದ್ದ ಗಾಯವನ್ನೋ ಬಾಯಿಯ ಒಳಭಾಗವನ್ನೋ ನಾಯಿ ನೆಕ್ಕಿದ್ದರೂ, ಲಸಿಕೆಯ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಮದ್ದು ಬೇಕು; ಅದನ್ನು ಗಾಯದೊಳಗೇ, ಗಾಯದ ಸುತ್ತ ಚುಚ್ಚಬೇಕು. ಎಡವಟ್ಟಾಗುವುದು ಇಲ್ಲೇ. ಸಣ್ಣ ಕೇಂದ್ರದಲ್ಲಿ ಲಸಿಕೆ ಇರುತ್ತದೆ, ಇಮ್ಯುನೊಗ್ಲೋಬ್ಯುಲಿನ್ ಇರುವುದಿಲ್ಲ. "ಇಂಜೆಕ್ಷನ್ ಆಯಿತು" ಎಂದು ಮನೆಯವರು ನಿಶ್ಚಿಂತರಾಗುತ್ತಾರೆ. ಲಸಿಕೆಯಿಂದ ದೇಹದಲ್ಲಿ ರಕ್ಷಣೆ ಹುಟ್ಟಲು ವಾರದ ಮೇಲೆ ಬೇಕು, ಅಷ್ಟು ದಿನ ರಕ್ಷಿಸುವುದು ಆ ಎರಡನೆಯ ಮದ್ದು. ಲಸಿಕೆ ಶುರುವಾಗಿ ಏಳು ದಿನ ದಾಟಿದ ಮೇಲೆ ಅದನ್ನು ಕೊಟ್ಟು ಪ್ರಯೋಜನವಿಲ್ಲ. ರಕ್ತ ಬಂದ ಕಡಿತಕ್ಕೆ ವೆನ್‌ಲಾಕ್‌ಗೋ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೋ ನೇರ ಹೋಗುವುದೇ ಲೇಸು. ಲಸಿಕೆ ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ. ತೋಳಿನ ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೇ ದಿನವೂ ಸೇರಿ ಐದು. ಈ ಗಾಯವನ್ನು ಕೂಡಲೇ ಹೊಲಿಯಬಾರದು. ಮುಖದ ಗಾಯ ಹರಿದು ತೆರೆದುಕೊಂಡಿದ್ದರೆ ಮದ್ದು ತುಂಬಿಸಿದ ಮೇಲೆ ಸಡಿಲವಾಗಿ ಹಾಕುವುದುಂಟು. ಬೆಕ್ಕು, ಮಂಗ ಕಚ್ಚಿದರೂ ಇದೇ ಕ್ರಮ.

ಕರಾವಳಿಯದೇ ಆದ ಎರಡು ವಿಷಯ. ಒಂದು, ಗಂಟಲಿಗೆ ಸಿಕ್ಕ ಮೀನಿನ ಮುಳ್ಳು. ಅನ್ನದ ಉಂಡೆ, ಬಾಳೆಹಣ್ಣು ನುಂಗಿಸುವುದು ಪ್ರತಿ ಮನೆಯ ಉಪಾಯ. ಸುಮ್ಮನೆ ಅಂಟಿದ್ದ ಮುಳ್ಳು ಅದರಿಂದ ಒಳಕ್ಕೆ ನಾಟುತ್ತದೆ. ಬೂತಾಯಿಯ ಸಣ್ಣ ಮುಳ್ಳು ಹೆಚ್ಚಾಗಿ ಟಾನ್ಸಿಲ್‌ನಲ್ಲೋ ನಾಲಿಗೆಯ ಬುಡದಲ್ಲೋ ಇರುತ್ತದೆ. ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋದರೆ ಕನ್ನಡಿ, ಬೆಳಕು, ಇಕ್ಕಳದಿಂದ ಐದು ನಿಮಿಷದ ಕೆಲಸ. ಎಕ್ಸ್‌ರೇಯಲ್ಲಿ ಹಲವು ಮೀನಿನ ಮುಳ್ಳು ಕಾಣುವುದೇ ಇಲ್ಲ, ಹಾಗಾಗಿ "ಫಿಲಂ ಕ್ಲೀನ್ ಇದೆ" ಎಂದು ಕಳಿಸಿಬಿಟ್ಟರೆ ಒಪ್ಪಬೇಡಿ. ಎಂಜಲು ನುಂಗಲಾಗದಿದ್ದರೆ, ಎದೆ ಅಥವಾ ಕುತ್ತಿಗೆಯಲ್ಲಿ ನೋವು ಬಂದರೆ, ಆಗ ಕ್ಯಾಶುವಾಲಿಟಿ. ಎರಡು, ಮಲ್ಪೆ, ಪಣಂಬೂರಿನ ಕಡೆ ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚುವುದು. ಇದರ ವಿಷ ಬಿಸಿಗೆ ಕೆಡುತ್ತದೆ. ಕಾಲನ್ನು 45 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಬೇಕು. ಬಿಸಿ ನೋಡಲು ಚುಚ್ಚಿಸಿಕೊಳ್ಳದ ಕೈಯನ್ನು ಮೊದಲು ಅದ್ದಿ. ನೋವಿನಲ್ಲಿರುವ ಕಾಲಿಗೆ ಸುಡುವುದು ತಿಳಿಯುವುದಿಲ್ಲ. ಐಸ್ ಇಟ್ಟರೆ ನೋವು ಹೆಚ್ಚೀತು. ಮುಳ್ಳಿನ ತುಂಡು ಒಳಗೆ ಉಳಿಯುವುದುಂಟು, ಹಾಗಾಗಿ ಎಕ್ಸ್‌ರೇ ಇರುವ ಕೇಂದ್ರವನ್ನೇ ಆರಿಸಿ. ಎದೆಗೆ, ಹೊಟ್ಟೆಗೆ ಚುಚ್ಚಿದ್ದರೆ ಬಿಸಿನೀರಿಗೆ ಕಾಯದೆ ಹೊರಡಿ.

ಮಳೆಗಾಲದ ಜ್ವರ ಇನ್ನೂ ದೊಡ್ಡ ಅಧ್ಯಾಯ. ಇಲ್ಲಿ ಜ್ವರ ಎಂದರೆ ಮಲೇರಿಯಾ, ಡೆಂಗಿ, ಇಲಿಜ್ವರ ಮೂರನ್ನೂ ನೆನೆಯಬೇಕು. ಮೊದಲ ದಿನವೇ ಎಲ್ಲ ಪರೀಕ್ಷೆ ಮಾಡಿಸಿ "ನಾರ್ಮಲ್" ಎಂದು ಸುಮ್ಮನಾಗುವುದು ತಪ್ಪು. ಡೆಂಗಿಗೆ ಎರಡು ರಕ್ತಪರೀಕ್ಷೆ: ಎನ್‌ಎಸ್1 ಜ್ವರ ಬಂದ ಮೊದಲ ಐದು ದಿನಗಳಲ್ಲಿ ಸಿಗುತ್ತದೆ, ಐಜಿಎಂ ಐದು ದಿನ ಕಳೆದ ಮೇಲೆ. ಚೀಟಿಯಲ್ಲಿ ಜ್ವರ ಎಷ್ಟನೇ ದಿನ ಎಂದು ಬರೆಸದಿದ್ದರೆ ಲ್ಯಾಬಿನವರು ತಪ್ಪು ಪರೀಕ್ಷೆ ಮಾಡಿಬಿಡಬಹುದು. ಮಲೇರಿಯಾದ ರಕ್ತಲೇಪನ ಒಮ್ಮೆ ನೆಗೆಟಿವ್ ಬಂದರೂ ಜ್ವರ ಬಿಡದಿದ್ದರೆ ಮರುದಿನ ಮತ್ತೆ ಮಾಡಿಸಿ. ಸರ್ಕಾರಿ ಕೇಂದ್ರದಲ್ಲಿ ಇದು ಉಚಿತ. ವೈವಾಕ್ಸ್ ಬಗೆಯ ಮಲೇರಿಯಾ ಆದರೆ ಮೂರು ದಿನದ ಕ್ಲೋರೋಕ್ವಿನ್ ಬಳಿಕ ಜ್ವರ ಇಳಿಯುತ್ತದೆ, ಜನ 14 ದಿನದ ಪ್ರೈಮಾಕ್ವಿನ್ ಅರ್ಧಕ್ಕೇ ಬಿಡುತ್ತಾರೆ. ಯಕೃತ್ತಿನಲ್ಲಿ ಮಲಗಿದ್ದ ಪರಾವಲಂಬಿ ಕೆಲವು ತಿಂಗಳ ಮೇಲೆ ಮತ್ತೆ ಏಳುತ್ತದೆ, ದೂರು ಮಾತ್ರ ಸೊಳ್ಳೆಯ ಮೇಲೆ. ಪ್ರೈಮಾಕ್ವಿನ್ ಮಾತ್ರೆಗೆ ಮೊದಲು, ರಕ್ತದ ಒಂದು ಕಿಣ್ವವನ್ನು ನೋಡುವ ಜಿ6ಪಿಡಿ ಪರೀಕ್ಷೆಯ ಬಗ್ಗೆ ಡಾಕ್ಟರರನ್ನು ಕೇಳಿ. ಗರ್ಭಿಣಿಯರಿಗೆ ಆ ಮಾತ್ರೆ ಸಲ್ಲದು. ಗದ್ದೆಗಿಳಿದವರು, ಚರಂಡಿ ಕೆಲಸದವರು ಮೀನಖಂಡದ ನೋವು, ಕೆಂಪು ಕಣ್ಣು, ಕಡಿಮೆಯಾದ ಮೂತ್ರ ಎಂದು ಬಂದರೆ ಇಲಿಜ್ವರದ ಸಂಶಯ. ಅದನ್ನು ಕ್ಲಿನಿಕ್ಕಿನಲ್ಲಿ ಇಟ್ಟುಕೊಂಡು ನೋಡುವಂತಿಲ್ಲ.

ಡೆಂಗಿಯಲ್ಲಿ ಅಪಾಯದ ಹೊತ್ತು ಜ್ವರ ಏರಿದಾಗಲ್ಲ, ಇಳಿಯುವಾಗ, ಅಂದರೆ ಮೂರರಿಂದ ಏಳನೇ ದಿನದೊಳಗೆ. ಬಿಡದ ಹೊಟ್ಟೆನೋವು, ಪದೇ ಪದೇ ವಾಂತಿ, ವಸಡಿನಲ್ಲಿ ರಕ್ತ, ತೂಕಡಿಕೆ ಕಂಡರೆ ಪ್ಲೇಟ್‌ಲೆಟ್ ಲೆಕ್ಕ ಎಷ್ಟೇ ಇರಲಿ, ದಾಖಲಾಗಬೇಕು. ಬರೀ ಸಂಖ್ಯೆ ಸ್ವಲ್ಪ ಇಳಿದಿದೆ ಎಂದು, ಮೇಲಿನ ಯಾವುದೂ ಇಲ್ಲದೆ ಮಂಚ ಹಿಡಿಯುವುದು ಬೇಕಿಲ್ಲ. ಪಪ್ಪಾಯಿ ಎಲೆ ರಸದ ಬಗ್ಗೆ ವಾದಕ್ಕಿಳಿಯುವುದಿಲ್ಲ. ಅದನ್ನು ಕುಡಿಸಿ ವಾಂತಿ ಬರಿಸುವ ಬದಲು ಎಳನೀರು, ಗಂಜಿತಿಳಿ ಕೊಡಿ ಎಂದಷ್ಟೇ ಹೇಳುತ್ತೇನೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೇನ್, ಡೈಕ್ಲೊಫೆನಾಕ್, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತವೆ. "ಒಂದು ಇಂಜೆಕ್ಷನ್ ಹಾಕಿ, ನಾಳೆ ಕೆಲಸಕ್ಕೆ ಹೋಗಬೇಕು" ಎಂದು ಒತ್ತಾಯಿಸುವವರು ತಿಳಿದಿರಲಿ, ಪ್ಲೇಟ್‌ಲೆಟ್ ಇಳಿದ ಹೊತ್ತಿನಲ್ಲಿ ಸೊಂಟಕ್ಕೆ ಚುಚ್ಚಿದರೆ ಒಳಗೇ ರಕ್ತ ಕಟ್ಟಬಹುದು.

ಮಕ್ಕಳ ಪ್ಯಾರಾಸಿಟಮಾಲ್ ಅಳತೆಯಲ್ಲಿ ಆಗುವ ತಪ್ಪು ಮನೆಯಲ್ಲೇ ಆಗುವಂಥದು. ಪ್ರತಿ ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ ಮೀರಬಾರದು. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಐದು ಮಿಲಿಲೀಟರಿಗೆ 125 ಇರುವ ಸಿರಪ್ ಆದರೆ 6 ಮಿಲಿಲೀಟರ್, 250 ಇರುವ ಸಿರಪ್ ಆದರೆ 3, ಹನಿಯ ಬಾಟಲಿಯಲ್ಲಿ ಒಂದು ಮಿಲಿಲೀಟರಿಗೇ 100 ಇದ್ದರೆ ಒಂದೂವರೆ. ಸಿರಪ್ ಖಾಲಿಯಾಗಿ ಹನಿಯ ಬಾಟಲಿ ತಂದು, ಹಳೇ ಅಭ್ಯಾಸದಲ್ಲಿ ಐದು ಮಿಲಿಲೀಟರ್ ಕೊಟ್ಟರೆ ಮೂರು ಪಟ್ಟು ಮೀರಿತು. ಬಾಟಲಿಯನ್ನೇ ಕ್ಲಿನಿಕ್ಕಿಗೆ ತನ್ನಿ, ಮಗುವಿನ ತೂಕ ತಿಳಿದಿರಲಿ.

ಭೇದಿಗೆ ಹೆಚ್ಚಿನವರಿಗೆ ಡ್ರಿಪ್ ಬೇಡ. ದೊಡ್ಡ ಓಆರ್‌ಎಸ್ ಪೊಟ್ಟಣ ಒಂದು ಲೀಟರಿಗೆ, ಸಣ್ಣದು 200 ಮಿಲಿಲೀಟರಿಗೆ, ಹಿಂಬದಿ ಓದಿ. ದೊಡ್ಡದನ್ನು ಒಂದು ಲೋಟಕ್ಕೆ ಕಲಸಿ ಕುಡಿಸಿದರೆ ಉಪ್ಪು ಏರಿ ಮಗು ಮತ್ತೂ ಬಳಲುತ್ತದೆ. ಕಲಸಿದ್ದನ್ನು 24 ಗಂಟೆಯ ಬಳಿಕ ಚೆಲ್ಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಗುಟುಕು ಗುಟುಕಾಗಿ ಕೊಡಿ. ರಕ್ತ ಬೆರೆತ ಭೇದಿ, ಕುಳಿಬಿದ್ದ ಕಣ್ಣು, ಆರು ಗಂಟೆ ಮೂತ್ರ ಇಲ್ಲದಿರುವುದು: ಇವಕ್ಕೆ ಆಸ್ಪತ್ರೆ.

ಬಿಪಿಯ ಬಗ್ಗೆ ಒಂದು ಮಾತು. ಮನೆಯ ಯಂತ್ರ 180/110 ತೋರಿಸಿತೆಂದು ಮಧ್ಯರಾತ್ರಿ ಹೊರಡುವವರಿದ್ದಾರೆ. ಎದೆನೋವು, ಉಸಿರಾಟದ ತೊಂದರೆ, ಕಣ್ಣು ಮಂಜು, ಜೋರು ತಲೆನೋವು, ಕೈಕಾಲು ಸೋಲು ಇಲ್ಲದಿದ್ದರೆ ಹದಿನೈದು ನಿಮಿಷ ಕೂತು ಮತ್ತೆ ನೋಡಿ, ತಪ್ಪಿಸಿದ ಮಾತ್ರೆ ಇದ್ದರೆ ತೆಗೆದುಕೊಂಡು ಮರುದಿನ ನಿಮ್ಮ ಡಾಕ್ಟರರನ್ನು ಕಾಣಿ. ಗರ್ಭಿಣಿಯರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರು ಕೂಡಲೇ ಹೋಗಬೇಕು. ನಾಲಿಗೆಯಡಿ ಮಾತ್ರೆ ಇಟ್ಟು ಬಿಪಿಯನ್ನು ಒಮ್ಮೆಲೇ ಇಳಿಸುವುದು ಮಿದುಳಿಗೆ ರಕ್ತ ಕಡಿಮೆ ಮಾಡಿ ಪಾರ್ಶ್ವವಾಯು ತರಬಹುದು. ಸರ್ಪಸುತ್ತಿಗೆ ಮಾತ್ರ ತಡ ಬೇಡ: ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾದರೆ ಒಳ್ಳೆಯದು, ಕಣ್ಣಿನ ಹತ್ತಿರ ಎದ್ದರೆ ಅದೇ ದಿನ ಕಣ್ಣಿನ ಡಾಕ್ಟರ್.

ಕೊನೆಗೆ ಕಾಗದಪತ್ರ. ರಸ್ತೆ ಅಪಘಾತ, ಹೊಡೆದಾಟದ ಗಾಯವನ್ನು ಎಷ್ಟೇ ಸಣ್ಣದಾದರೂ ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸುವ ಆಸ್ಪತ್ರೆಯಲ್ಲೇ ತೋರಿಸಿ. ಕ್ಲಿನಿಕ್ಕಿನಲ್ಲಿ ನಾಲ್ಕು ಹೊಲಿಗೆ ಹಾಕಿಸಿ ಮನೆಗೆ ಹೋದವರು ಆಮೇಲೆ ಪರಿಹಾರಕ್ಕೆ ಅರ್ಜಿ ಹಾಕುವಾಗ ಗಾಯದ ಪ್ರಮಾಣಪತ್ರಕ್ಕೆ ಅಲೆಯುತ್ತಾರೆ. ಸಾಮಾನ್ಯ ಆರೋಗ್ಯ ವಿಮೆ ಹೆಚ್ಚಾಗಿ 24 ಗಂಟೆ ದಾಖಲಾದರೆ ಮಾತ್ರ. ಹೊರರೋಗಿ ಬಿಲ್ಲಿಗೆ ಪ್ರತ್ಯೇಕ ಷರತ್ತು ಇದ್ದರಷ್ಟೇ ಹಣ. ಕ್ಲಿನಿಕ್ ಬಿಡುವ ಮುನ್ನ ಚೀಟಿಯಲ್ಲಿ ರೋಗದ ಹೆಸರು, ಕೊಟ್ಟ ಇಂಜೆಕ್ಷನ್ನಿನ ಹೆಸರು, ಯಾವ ಲಕ್ಷಣ ಕಂಡರೆ ವಾಪಸು ಬರಬೇಕು ಎಂಬುದು ಇದೆಯೇ ನೋಡಿ. ಹೆಸರಿಲ್ಲದ ಇಂಜೆಕ್ಷನ್ ಮುಂದಿನ ಡಾಕ್ಟರರ ಕಣ್ಣು ಕಟ್ಟಿದಂತೆ.

ಆರೋಗ್ಯ ಇಲಾಖೆಗೆ ನನ್ನ ಕೋರಿಕೆ ಸಣ್ಣದು. ಖಾಸಗಿ ಕೇಂದ್ರಗಳು ದರಪಟ್ಟಿ ತೂಗುಹಾಕಬೇಕೆಂಬ ನಿಯಮ ಈಗಾಗಲೇ ಇದೆ. ಅದರ ಪಕ್ಕದಲ್ಲೇ ಡಾಕ್ಟರ್ ಇರುವ ಗಂಟೆ, ಎಕ್ಸ್‌ರೇ, ಇಸಿಜಿ, ಹೊಲಿಗೆ, ನಾಯಿ ಲಸಿಕೆ ಯಾವ ಹೊತ್ತಿನವರೆಗೆ ಲಭ್ಯ ಎಂಬ ಫಲಕವನ್ನೂ ಕನ್ನಡದಲ್ಲಿ ಹಾಕಿಸಲಿ. ನಮ್ಮ ಕ್ಲಿನಿಕ್‌ಗಳಲ್ಲಿ ಒಂದೆರಡನ್ನಾದರೂ ಮಂಗಳೂರಿನಲ್ಲಿ, ಉಡುಪಿಯಲ್ಲಿ ರಾತ್ರಿ ಒಂಬತ್ತರವರೆಗೆ, ಭಾನುವಾರವೂ ತೆರೆದಿಡಲಿ. ವೈದ್ಯರ ಸಂಘದ ಸ್ಥಳೀಯ ಶಾಖೆಗಳು ಭಾನುವಾರದ ಸಂಜೆಗೆ ಸರದಿ ಹಾಕಿಕೊಂಡು, ಯಾವ ಬಡಾವಣೆಯಲ್ಲಿ ಯಾರ ಕ್ಲಿನಿಕ್ ತೆರೆದಿದೆ ಎಂದು ಶನಿವಾರವೇ ತಿಳಿಸಿದರೆ, ತಮ್ಮ ಸ್ಥಳೀಯ ಪುಟದಲ್ಲಿ ಅದಕ್ಕೆ ನಾಲ್ಕು ಸಾಲಿನ ಜಾಗ ಕೊಡುತ್ತೀರೆಂದು ನಂಬುತ್ತೇನೆ.

ಇಂತಿ,
ಒಬ್ಬ ಕುಟುಂಬ ವೈದ್ಯ
ಕದ್ರಿ, ಮಂಗಳೂರು